ಹೆಳವ ಬಂದಾನ, ಹೆಸರು ಬರೆಸ್ರಿ

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಆಮೇಲೆ ಬಂಡಿ ಹೂಡಿಕೊಂಡು ಬಂದರು, ಈಗ ಮೋಟಾರು ಸೈಕಲ್ ಮೇಲೂ ಬರುತ್ತಾರೆ. ಒಕ್ಕಲು ಮನೆಯ ಮುಂದೆ ನಿಂತು ಗಂಟೆ ಬಾರಿಸಿದರೆ ಒಳಗಿನಿಂದ ಯಾರಾದರೊಬ್ಬರು ಕಂಬಳಿ ತಂದು ಹಾಸುತ್ತಾರೆ. ಹೆಳವ ಕೂತು, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಮೊದಲು ಮನೆದೇವರನ್ನು, ಬೆಡಗನ್ನು, ಮೂಲ ಊರನ್ನು ಹೇಳುತ್ತಾನೆ. ನಂತರ ಮೂಲಪುರುಷನಿಂದ ಹಿಡಿದು ತಲೆಮಾರುಗಳು ರಾಗವಾಗಿ ಇಳಿದು ಬರುತ್ತವೆ. ಯಾವ ಬರಗಾಲಕ್ಕೆ ಊರು ಬಿಟ್ಟರು, ಯಾರು ಕೆರೆ ಕಟ್ಟಿಸಿದರು, ಅಣ್ಣ ತಮ್ಮ ಎಲ್ಲಿ ಬೇರೆಯಾದರು, ಯಾವ ಕವಲು ಯಾವ ಊರಿಗೆ ಹೋಗಿ ನೆಲೆಸಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕೊನೆಗೆ ಲೇಖನಿ ತೆಗೆದು, ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾನೆ.

ಇದು ಅವರ ವೃತ್ತಿ. ಯಾವ ಊರು, ಯಾವ ಮನೆ ಯಾವ ಹೆಳವ ಕುಟುಂಬಕ್ಕೆ ಸೇರಿದ್ದು ಎಂಬುದು ಅವರವರಲ್ಲೇ ಹಂಚಿಕೆಯಾಗಿದೆ. ತಂದೆಯ ಒಕ್ಕಲು ಮಗನಿಗೆ ಬರುತ್ತದೆ, ಜೊತೆಗೆ ಹೊತ್ತಿಗೆಯೂ ಬರುತ್ತದೆ. ಪ್ರತಿಫಲವಾಗಿ ಜೋಳ, ಬಟ್ಟೆ, ಪಾತ್ರೆ, ಉಳ್ಳವರ ಮನೆಯಾದರೆ ಆಕಳು ಅಥವಾ ಹೋರಿಕರು ಸಲ್ಲುತ್ತಿದ್ದವು. ಈಗ ನಗದೇ ಹೆಚ್ಚು. ಒಂದು ಮನೆಗೆ ಹೆಳವ ಹಲವು ವರ್ಷಕ್ಕೊಮ್ಮೆ ಮಾತ್ರ ಬರಬಹುದು, ಆದರೆ ಬಂದಾಗ ಅವನ ಕೈಯಲ್ಲಿರುವ ಮಾಹಿತಿ ಆ ಮನೆಯ ಹಿರಿಯರಿಗೂ ಗೊತ್ತಿರುವುದಿಲ್ಲ.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಬಳ್ಳಾರಿ ಸೀಮೆಯ ಹೆಳವರ ಉಲ್ಲೇಖವಿದೆ. ಎತ್ತಿನ ಮೇಲೆ ಕೂತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಊರಿಗೆ ಬಂದು, ಮನೆ ಮನೆಗೂ ಹೋಗಿ ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವವರು ಎಂದು ಅದು ಅವರನ್ನು ವರ್ಣಿಸುತ್ತದೆ. ಆ ಸಂಪುಟಗಳ ದೃಷ್ಟಿಯಲ್ಲಿ ಅವರು ಭಿಕ್ಷುಕರ ಒಂದು ವರ್ಗ. ಅದೇ ಬರಹದಲ್ಲಿ ಅವರು ಗ್ರಾಮಚರಿತ್ರೆಗಳ ಕಾವಲುಗಾರರು ಎಂಬ ಮಾತೂ ಇದೆ. ಎರಡನೆಯ ಮಾತಿಗೆ ಸಲ್ಲಬೇಕಾದ ಬೆಲೆಯನ್ನು ಅಂದಿನ ಸರ್ಕಾರವೂ ಕೊಡಲಿಲ್ಲ, ಆಮೇಲೆ ಬಂದ ವಿಶ್ವವಿದ್ಯಾಲಯಗಳೂ ಸಾಕಷ್ಟು ಕೊಟ್ಟಿಲ್ಲ. ಹೆಳವರು ಮಾತ್ರ ತಮ್ಮ ವೃತ್ತಿಯ ಮೂಲವನ್ನು ಬಸವಣ್ಣನ ಕಾಲಕ್ಕೆ ಒಯ್ಯುವ ಐತಿಹ್ಯವನ್ನು ಇಂದಿಗೂ ಹೇಳಿಕೊಳ್ಳುತ್ತಾರೆ.

ವಂಶಾವಳಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅರಸರ ಶಾಸನ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ ಪ್ರಶಸ್ತಿ ಜಯಸಿಂಹ, ರಣರಾಗ, ಒಂದನೇ ಪುಲಕೇಶಿ, ಕೀರ್ತಿವರ್ಮ, ಮಂಗಲೇಶರನ್ನು ದಾಟಿ ಇಮ್ಮಡಿ ಪುಲಕೇಶಿಯವರೆಗೆ ಬರುತ್ತದೆ. ದಾನಶಾಸನ ಬರೆಯುವ ಕವಿಗೆ ದಾನ ಕೊಟ್ಟವನ ಅಜ್ಜ ಮುತ್ತಜ್ಜರನ್ನು ಹೊಗಳುವುದು ಕಟ್ಟುಪಾಡು. ಸಾಮಾನ್ಯರ ಹೆಸರು ಸಿಗುವುದು ವೀರಗಲ್ಲುಗಳಲ್ಲಿ. ತುರುಗೊಳ್ ಕಾಳಗದಲ್ಲಿ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಕಲ್ಲು ನಿಲ್ಲಿಸಿದ ತಮ್ಮನ ಹೆಸರು ಅಲ್ಲಿರುತ್ತವೆ. ಅದಕ್ಕಿಂತ ಮುಂದೆ ಹೋಗುವುದು ಅಪರೂಪ. ಅರಸನಲ್ಲದವನಿಗೆ, ಕಾಳಗದಲ್ಲಿ ಸಾಯದೆ ಹೊಲ ಉತ್ತು ಬದುಕಿದವನಿಗೆ ಹತ್ತು ತಲೆಮಾರಿನ ದಾಖಲೆ ಇದ್ದರೆ ಅದು ಬಹುಮಟ್ಟಿಗೆ ಹೆಳವರ ಹೊತ್ತಿಗೆಯಲ್ಲೇ.

ಬ್ರಿಟಿಷರು ಬಂದ ಮೇಲೆ ವಂಶ ಹೇಳುವುದು ಅಂಗಳದಿಂದ ಕಚೇರಿಗೆ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಅಳತೆಗೆ ಹೊರಟಾಗ ಅವನ ಸಹಾಯಕರು ಊರೂರಿನ ಗೌಡ, ಶಾನುಭೋಗರಿಂದ ಕೈಫಿಯತ್ತು ಬರೆಸಿಕೊಂಡರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿ ಓದುಗರ ಕೈಗೆ ಕೊಟ್ಟಿದ್ದಾರೆ. ತಮ್ಮೂರಿನ ಪಾಳೆಯಗಾರ, ದೇಸಾಯಿ, ನಾಡಗೌಡರ ಮನೆತನ ಹುಡುಕುವವರು ಮೊದಲು ನೋಡಬೇಕಾದದ್ದು ಅದನ್ನೇ. ಆದರೆ ಕೈಫಿಯತ್ತು ಬರೆಸಿದವರಿಗೆ ತಮ್ಮ ಹಕ್ಕು ಉಳಿಸಿಕೊಳ್ಳುವ ಆತಂಕವೂ ಇತ್ತು ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ಹೊಸ ಸರ್ಕಾರ ಮಾನ್ಯ, ಉಂಬಳಿಗಳನ್ನು ಉಳಿಸುತ್ತದೆಯೋ ಕಸಿಯುತ್ತದೆಯೋ ಎಂದು ತಿಳಿಯದ ದಿನಗಳವು.

ಕಸಿಯುವ ಕೆಲಸ ಎಷ್ಟು ಕ್ರೂರವಾಗಬಲ್ಲದು ಎಂಬುದು ಕಿತ್ತೂರಿನಲ್ಲಿ ಕಂಡಿತು. ಅಲ್ಲಿ ಜಗಳ ಹತ್ತಿದ್ದೇ ಒಂದು ದತ್ತು ಪತ್ರದ ಮೇಲೆ. ಮಲ್ಲಸರ್ಜ ದೇಸಾಯಿಯ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದಾನೆ ಎಂದು ಸಂಸ್ಥಾನ ತಿಳಿಸಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನಂಬಲಿಲ್ಲ. ಪತ್ರದ ತಾರೀಖನ್ನೂ ಸಹಿಯನ್ನೂ ಅವನು ಶಂಕಿಸಿದ. ಖಜಾನೆಗೆ ಮುದ್ರೆ ಬಿತ್ತು, ಕಾವಲು ಕೂತಿತು. ಒಂದು ಸಹಿ ಯಾವ ದಿನದ್ದು ಎಂಬ ಪ್ರಶ್ನೆ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಯುದ್ಧವಾಗಿ ಸ್ಫೋಟಿಸಿತು. ಥ್ಯಾಕರೆ ಸತ್ತ, ಅವನ ಇಬ್ಬರು ಸಹಾಯಕರು ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿತ್ತು. ಯುದ್ಧ ನಡೆಸಿದ ರಾಣಿ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ಸೆರೆಸಿಕ್ಕ ಸಹಾಯಕರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗಿನ್ನೂ ಇಪ್ಪತ್ತರ ಆಸುಪಾಸಿನ ತರುಣ. ಕಿತ್ತೂರಿನವರು ಅವನನ್ನು ಜೀವಸಹಿತ ಬಿಟ್ಟುಕೊಟ್ಟರು. ಅವನು ಅದೇ ಸೀಮೆಯಲ್ಲಿ ಮುಂದೆಯೂ ನೌಕರಿ ಮಾಡಿ, ಊರೂರಿನ ಶಾಸನಗಳನ್ನು ನಕಲು ಮಾಡಿಸತೊಡಗಿದ. ಅವನು ಕೂಡಿಸಿದ ಶಾಸನಪಾಠಗಳು 600ರಷ್ಟು. ಅವುಗಳ ಆಧಾರದ ಮೇಲೆ 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಚಾಲುಕ್ಯ ಮೊದಲಾದ ಅರಸು ಮನೆತನಗಳ ವಂಶಕ್ರಮವನ್ನು ಜೋಡಿಸಿದ. ಒಂದು ಮನೆತನದ ವಂಶ ಮುಂದುವರಿಯುವುದನ್ನು ತಡೆಯಲು ಹೋದ ಕಚೇರಿಯ ನೌಕರ ಕನ್ನಡನಾಡಿನ ಹಳೆಯ ವಂಶಗಳನ್ನು ಮತ್ತೆ ಬೆಳಕಿಗೆ ತಂದ. ಕರ್ನಾಟಕದ ಇತಿಹಾಸ ಬರೆಯುವವರು ಎಲಿಯಟ್‌ನ ಈ ಎರಡು ಮುಖಗಳನ್ನು ಒಟ್ಟಿಗೆ ಹೇಳುವುದು ಕಡಿಮೆ.

ಕಿತ್ತೂರಿನ ಮೇಲೂ ಕಂಪನಿ ಸರ್ಕಾರ ಪಾಠ ಕಲಿಯಲಿಲ್ಲ. ಮುಂಬಯಿ ಆಧಿಪತ್ಯದಲ್ಲಿ 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಹಳ್ಳಿಹಳ್ಳಿಗೂ ಇಳಿಯಿತು. ಈ ಜಮೀನು ನಿನ್ನ ಪೂರ್ವಿಕರಿಗೆ ಯಾರು ಕೊಟ್ಟರು, ಅವರಿಂದ ನಿನ್ನವರೆಗೆ ವಂಶ ಹೇಗೆ ಬಂತು, ಸನದು ತೋರಿಸು ಎಂದು ಕೇಳಿತು. ಎಷ್ಟೋ ಮನೆಗಳಲ್ಲಿ ಸನದು ಗೆದ್ದಲು ತಿಂದಿತ್ತು, ಪಿಂಡಾರಿಗಳ ಹಾವಳಿಯಲ್ಲಿ ಸುಟ್ಟಿತ್ತು. ಐದು ವರ್ಷಗಳಲ್ಲಿ ಸುಮಾರು 20 ಸಾವಿರ ಇನಾಮುಗಳು ಹೋದವು ಎಂದು ಇತಿಹಾಸಕಾರರು ಲೆಕ್ಕ ಹೇಳುತ್ತಾರೆ. ನರಗುಂದದ ಭಾಸ್ಕರರಾವ್ ಭಾವೆ, ಜನ ಬಾಬಾಸಾಹೇಬ ಎಂದು ಕರೆಯುತ್ತಿದ್ದ ದೊರೆ, ಇದ್ದ ಮಗನನ್ನು ಕಳೆದುಕೊಂಡು ದತ್ತು ಪಡೆಯಲು ಅನುಮತಿ ಕೇಳಿದ, ಸರ್ಕಾರ ಒಪ್ಪಲಿಲ್ಲ. ಅವನು ಬಂಡೆದ್ದ. 1858ರ ಮೇ ಕೊನೆಯಲ್ಲಿ ಸುರೇಬಾನದ ಬಳಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಮೈಸೂರಿನ ಕಥೆ ಬೇರೆ ದಾರಿ ಹಿಡಿಯಿತು. 1831ರಿಂದ ಆಡಳಿತ ಕಳೆದುಕೊಂಡು ಕೂತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಗವರ್ನರ್ ಜನರಲ್ ಜಾನ್ ಲಾರೆನ್ಸ್ ಆ ಮಗುವನ್ನು ರಾಜ್ಯದ ವಾರಸುದಾರನೆಂದು ಒಪ್ಪಲು ಸಿದ್ಧನಿರಲಿಲ್ಲ. ಅಹವಾಲು ಲಂಡನ್ನಿಗೆ ಹೋಗಿ, 1867ರಲ್ಲಿ ಅಲ್ಲಿಂದ ಒಪ್ಪಿಗೆ ಬಂತು. ಮರುವರ್ಷ ಮುಮ್ಮಡಿಯವರು ತೀರಿಕೊಂಡರು. ಆ ಮಗುವೇ ಚಾಮರಾಜೇಂದ್ರ ಒಡೆಯರ್. 1881ರಲ್ಲಿ ರಾಜ್ಯ ಮರಳಿ ಸಿಕ್ಕಿದ್ದು ಅವರ ಕೈಗೆ. ಕಿತ್ತೂರಿಗೆ ಸಿಗದ ಒಂದು ಒಪ್ಪಿಗೆ ಮೈಸೂರಿಗೆ ಸಿಕ್ಕಿದ್ದರಿಂದ ಆಧುನಿಕ ಕರ್ನಾಟಕದ ಚರಿತ್ರೆಯೇ ಬದಲಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಅರಮನೆಗಳ ಕಥೆ ಎಲ್ಲರಿಗೂ ಗೊತ್ತು. ಗೌಡಕಿ, ಕುಲಕರ್ಣಿಕಿ, ಪಾಟೀಲಕಿ ಮನೆಗಳಲ್ಲಿ ನಡೆದ ದತ್ತು ಪ್ರಕರಣಗಳ ಕಥೆ ಕೋರ್ಟಿನ ಕಡತಗಳಲ್ಲಿ ಉಳಿದಿದೆ. ಅಂದಿನ ಹಿಂದೂ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ಮುಂಬಯಿ ಆಧಿಪತ್ಯದ ಧಾರವಾಡದಲ್ಲಿ ವಿಧವೆಯೊಬ್ಬಳು ಗಂಡನ ಅಪ್ಪಣೆ ಪತ್ರವಿಲ್ಲದೆಯೂ ಅವನ ಹೆಸರಿನಲ್ಲಿ ಮಗನನ್ನು ದತ್ತು ತೆಗೆದುಕೊಳ್ಳಬಹುದಿತ್ತು. ತುಂಗಭದ್ರೆ ದಾಟಿ ಮದರಾಸು ಆಧಿಪತ್ಯದ ಬಳ್ಳಾರಿಗೆ ಬಂದರೆ ಅವಳಿಗೆ ಗಂಡ ಬದುಕಿದ್ದಾಗ ಕೊಟ್ಟ ಅಪ್ಪಣೆಯೋ, ಅವನ ದಾಯಾದಿಗಳ ಒಪ್ಪಿಗೆಯೋ ಬೇಕಿತ್ತು. ಒಂದೇ ಭಾಷೆ, ಒಂದೇ ಬೆಡಗು, ಬೀಗತನ ನಡೆಯುವ ಊರುಗಳು, ಕಾನೂನು ಮಾತ್ರ ಎರಡು. ದತ್ತು ಎಷ್ಟು ತಡವಾಗಿ ನಡೆದರೂ ಅದು ಗಂಡ ಸತ್ತ ದಿನದಿಂದಲೇ ಜಾರಿಗೆ ಬಂದಂತೆ ಎಂಬ ತತ್ವ ಬೇರೆ ಇತ್ತು. ಪಾಟೀಲಕಿ ವತನದ ಜಮೀನಿದ್ದ ಒಂದು ಮನೆತನದಲ್ಲಿ ಕೊನೆಯ ಗಂಡುಮಗ 1917ರಲ್ಲಿ ತೀರಿಕೊಂಡ. ತಾಯಿ 1930ರಲ್ಲಿ ಒಬ್ಬನನ್ನು ದತ್ತು ಪಡೆದಳು. ಆ ಹೊತ್ತಿಗೆ ಜಮೀನು ದೂರದ ದಾಯಾದಿಯ ಕೈ ಸೇರಿತ್ತು. ಲಂಡನ್ನಿನ ಪ್ರಿವಿ ಕೌನ್ಸಿಲ್ 1943ರಲ್ಲಿ ದತ್ತುಮಗನ ಪರ ತೀರ್ಪು ಕೊಟ್ಟಿತು. ವಂಶ ಮುಗಿದೇ ಹೋಯಿತು ಎಂದುಕೊಂಡ ಜಾಗದಲ್ಲಿ ಒಬ್ಬ ಹೆಂಗಸು ಅದನ್ನು ಮತ್ತೆ ಚಿಗುರಿಸಿದ್ದಳು. ಆದರೂ ಆ ಮನೆಯ ವಂಶವೃಕ್ಷ ಬರೆದರೆ ಅವಳಿಗೆ ಸಿಗುವ ಜಾಗ ಗಂಡನ ಹೆಸರಿನ ಪಕ್ಕದ ಒಂದು ಅಡ್ಡಗೆರೆ.

ಇಂಥ ವ್ಯಾಜ್ಯಗಳಲ್ಲಿ ಹೆಳವರ ಹೊತ್ತಿಗೆಯಂಥ ದಾಖಲೆಗೆ ಬೆಲೆ ಇದೆಯೇ? ಇದೆ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮು ತೀರಿಹೋದವರು ರಕ್ತಸಂಬಂಧ, ಮದುವೆ, ದತ್ತುಗಳ ಬಗ್ಗೆ ಬಿಟ್ಟುಹೋದ ಹೇಳಿಕೆಗಳನ್ನೂ ಕುಟುಂಬದ ವಂಶಾವಳಿಯನ್ನೂ, ಅಷ್ಟೇ ಏಕೆ, ಗೋರಿಗಲ್ಲಿನ ಬರಹವನ್ನೂ ಸಾಕ್ಷ್ಯವಾಗಿ ಪರಿಗಣಿಸಲು ಅವಕಾಶ ಕೊಟ್ಟಿತು. ಮುಖ್ಯ ಶರತ್ತು ಇದು: ಜಗಳ ಹುಟ್ಟುವ ಮೊದಲು ಬರೆದದ್ದಾಗಿರಬೇಕು. ಬೆತಿಯಾ ಸಂಸ್ಥಾನದ ವಾರಸಿಕೆಯ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟು ವಂಶಾವಳಿಗಳನ್ನು ಎಷ್ಟು ಎಚ್ಚರದಿಂದ ಪರೀಕ್ಷಿಸಬೇಕು ಎಂದು ವಿವರಿಸಿತು. ಬರೆದವನು ಯಾರು, ಅವನಿಗೆ ವಿಷಯ ತಿಳಿದದ್ದು ಹೇಗೆ, ಅವನಿಗೆ ಅದರಲ್ಲಿ ಲಾಭವಿತ್ತೇ? ಮನೆಯ ಆಸ್ತಿಯಲ್ಲಿ ಪಾಲಿಲ್ಲದ, ತಲೆಮಾರಿನಿಂದ ತಲೆಮಾರಿಗೆ ಆಗಾಗ ಬಂದು ಬರೆದುಕೊಂಡು ಹೋಗುವ ಹೆಳವ ಈ ಪ್ರಶ್ನೆಗಳ ಎದುರು ಅನೇಕ ಮನೆಮಂದಿಗಿಂತ ಗಟ್ಟಿಯಾಗಿ ನಿಲ್ಲುತ್ತಾನೆ.

ಆದರೆ ಹೊತ್ತಿಗೆಗೂ ಕಾಣದ ಮೂಲೆಗಳಿವೆ. ಅಲ್ಲಿ ವಂಶ ಗಂಡುಮಕ್ಕಳ ಮೂಲಕ ಇಳಿಯುತ್ತದೆ. ಮಗಳು ಕೊಟ್ಟ ಮನೆಗೆ ಹೋದ ಮೇಲೆ ತವರಿನ ಪುಟದಲ್ಲಿ ಮುಂದುವರಿಯುವುದಿಲ್ಲ. ಇದರ ತದ್ವಿರುದ್ಧವಾದ ಲೆಕ್ಕ ಕರ್ನಾಟಕದಲ್ಲೇ ಇತ್ತು. ಅಳಿಯಸಂತಾನ ಕಟ್ಟು ನಡೆದ ತುಳುನಾಡಿನಲ್ಲಿ ಬಂಟರು, ಬಿಲ್ಲವರು ಮೊದಲಾದವರು ಬಳಿ ಎಂಬ ಕುಲವನ್ನು ತಾಯಿಯಿಂದ ಪಡೆದರು, ಆಸ್ತಿಯನ್ನು ಸೋದರಮಾವನಿಂದ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಸುತ್ತಮುತ್ತಲಿನ ಪಾಲುಪಟ್ಟಿಗಳನ್ನು ತೆರೆದರೆ ಮೂಲದಲ್ಲಿ ನಿಲ್ಲುವುದು ಒಬ್ಬ ಅಜ್ಜಿ. ಅವಳ ಹೆಣ್ಣುಮಕ್ಕಳು ಒಂದೊಂದು ಕವಲು, ಗಂಡುಮಕ್ಕಳ ಸಂತಾನ ಆ ಪಟ್ಟಿಯಿಂದ ಹೊರಗೆ. ಘಟ್ಟದ ಮೇಲೆ ಮಗಳು ಮರೆಯಾದಂತೆ ಘಟ್ಟದ ಕೆಳಗೆ ಮಗನ ಮಕ್ಕಳು ಮರೆಯಾಗುತ್ತಾರೆ. ದಾಖಲೆ ಎಲ್ಲೇ ಇರಲಿ, ಆಸ್ತಿ ಯಾರ ಕೈಗೆ ಇಳಿಯುತ್ತದೋ ಅವರ ಹೆಸರನ್ನು ಅದು ಎಚ್ಚರದಿಂದ ಬರೆದಿಟ್ಟಿದೆ, ಉಳಿದವರನ್ನು ಬಿಟ್ಟಿದೆ.

ಡಿಎನ್‌ಎ ಪರೀಕ್ಷೆಗೆ ಈ ಪಕ್ಷಪಾತವಿಲ್ಲ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು ಹೆಳವರ ಹೊತ್ತಿಗೆಯ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಅಳಿಯಸಂತಾನದ ಬಳಿಯ ದಾರಿ ಹಿಡಿಯುತ್ತದೆ. ಇವೆರಡರ ನಡುವಿನ ಮಿಕ್ಕ ಪೂರ್ವಿಕರೆಲ್ಲರ ಪಾಲು ಉಳಿದ ವರ್ಣತಂತುಗಳಲ್ಲಿ ಹರಡಿಕೊಂಡಿರುತ್ತದೆ, ತಲೆಮಾರಿಗೆ ಸುಮಾರು ಅರ್ಧದಷ್ಟು ಕರಗುತ್ತಾ ಹೋಗುತ್ತದೆ. ಹೀಗಾಗಿ ಅಜ್ಜ ಅಜ್ಜಿಯರ ತನಕ, ಎರಡನೇ ಮೂರನೇ ಹಂತದ ದಾಯಾದಿಗಳ ತನಕ ಅದು ಚೆನ್ನಾಗಿ ನುಡಿಯುತ್ತದೆ. ಅದರಾಚೆಗೆ ದನಿ ಸಣ್ಣದಾಗುತ್ತದೆ.

ಹೆಳವ ಬಾರದ ಅಂಗಳಗಳಿಗೆ ಡಿಎನ್‌ಎ ಏನು ಕೊಟ್ಟಿತು ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿಯರು ದೊಡ್ಡ ಉದಾಹರಣೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿ ಬದುಕುವ ಇವರ ಪೂರ್ವಿಕರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಪಶ್ಚಿಮ ಕರಾವಳಿಯಲ್ಲಿ ಗುಲಾಮರಾಗಿ ಮಾರಿದರು. ಗೋವೆಯ ಯಜಮಾನರಿಂದ ತಪ್ಪಿಸಿಕೊಂಡು ಎಷ್ಟೋ ಮಂದಿ ಘಟ್ಟದ ಕಾಡು ಸೇರಿದರು. ಮಾರಾಟದ ಸರಕಾಗಿದ್ದವರ ವಂಶಾವಳಿಯನ್ನು ಯಾರೂ ಬರೆದಿಡಲಿಲ್ಲ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಮತ್ತವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿದ್ದಿಯರ ಆಫ್ರಿಕಾ ಮೂಲ ಬಾಂಟು ಭಾಷಿಕ ಜನರಿಗೆ ಹತ್ತಿರವೆಂದು ತೋರಿಸಿತು. ಅದರೊಂದಿಗೆ ಭಾರತೀಯ ಅಂಶವೂ ಅಲ್ಪ ಪ್ರಮಾಣದಲ್ಲಿ ಐರೋಪ್ಯ ಅಂಶವೂ ಬೆರೆತಿವೆ, ಇಲ್ಲಿನ ಜನರೊಂದಿಗೆ ಬೆರಕೆಯಾದದ್ದು ಸುಮಾರು 200 ವರ್ಷಗಳ ಹಿಂದೆ ಎಂದು ಅಂದಾಜಿಸಿತು. ಒಂದು ಖಂಡ, ಒಂದು ಭಾಷಾಕುಲ, ಒಂದು ಕಾಲಮಾನ, ಇಷ್ಟನ್ನು ಪ್ರಯೋಗಾಲಯ ಹುಡುಕಿ ಕೊಟ್ಟಿತು. ಹಡಗು ಹತ್ತಿಸಿದ ದಿನ ಆ ಮನುಷ್ಯನನ್ನು ಅವನ ತಾಯಿ ಯಾವ ಹೆಸರಿನಿಂದ ಕರೆಯುತ್ತಿದ್ದಳು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಆ ನಷ್ಟದ ದೊಡ್ಡತನ ಅರ್ಥವಾಗಬೇಕಾದರೆ ಹೆಳವ ಒಂದೇ ಉಸಿರಿಗೆ ಹತ್ತು ಹೆಸರು ಹೇಳುವುದನ್ನು ಒಮ್ಮೆ ಕೇಳಬೇಕು.

ಹೆಸರು ಕಳೆದುಕೊಂಡವರ ಇನ್ನೊಂದು ಗುಂಪಿದೆ: ಕೂಸಾಗಿದ್ದಾಗಲೇ ದತ್ತು ಹೋದವರು, ಅದರಲ್ಲೂ ಪರದೇಶಕ್ಕೆ ಹೋದವರು. ಭಾರತದಲ್ಲಿ ಪರದೇಶದವರಿಗೆ ನೇರ ದತ್ತಿನ ಕಾನೂನು ಇಲ್ಲದ ಕಾಲದಲ್ಲಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದಿಂದ ಪಾಲಕತ್ವದ ಆದೇಶ ಪಡೆದು, ಮಗುವನ್ನು ಒಯ್ದು, ತಮ್ಮ ದೇಶದಲ್ಲಿ ದತ್ತು ಪೂರೈಸುತ್ತಿದ್ದರು. ಈ ವ್ಯವಹಾರಕ್ಕೆ ಕಟ್ಟುಪಾಡು ತಂದದ್ದು ಲಕ್ಷ್ಮೀಕಾಂತ ಪಾಂಡೆ ಪ್ರಕರಣದ 1984ರ ಸುಪ್ರೀಂ ಕೋರ್ಟ್ ತೀರ್ಪು. ಕೇಂದ್ರದ ದತ್ತು ಸಂಪನ್ಮೂಲ ಪ್ರಾಧಿಕಾರ 1990ರಲ್ಲಿ ಬಂತು. ಪರದೇಶದ ದತ್ತಿನ ಬಗೆಗಿನ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು.

ಹೀಗೆ ಹೋದ ಮಗು ದೊಡ್ಡದಾಗಿ ಮರಳಿ ಬಂದರೆ ಕೈಗೆ ಸಿಗುವುದು ಕೆಲವೇ ಹಾಳೆ: ನ್ಯಾಯಾಲಯದ ಆದೇಶದ ನಕಲು, ಮಗುವಿನ ಆರೋಗ್ಯ ಮತ್ತು ಹಿನ್ನೆಲೆಯ ವರದಿ, ತಾಯಿ ಒಪ್ಪಿಸಿದ್ದರೆ ಒಪ್ಪಿಗೆ ಪತ್ರ, ಬಿಟ್ಟುಹೋದ ಮಗುವಾದರೆ ಸಿಕ್ಕ ಜಾಗ ಮತ್ತು ದಿನದ ಟಿಪ್ಪಣಿ. ಹೆಸರು ಸಂಸ್ಥೆಯವರು ಇಟ್ಟದ್ದು. ಹುಟ್ಟಿದ ದಿನ ವೈದ್ಯರು ಅಂದಾಜಿಸಿದ್ದು. ಈಗಿನ ದತ್ತು ನಿಯಮಗಳು ಮೂಲದ ಹುಡುಕಾಟಕ್ಕೆ ಅವಕಾಶ ಕೊಟ್ಟಿವೆ. ಪ್ರಾಯಕ್ಕೆ ಬಂದವರು ತಾವೇ ಅರ್ಜಿ ಹಾಕಬಹುದು. ಅವರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ಮಗುವನ್ನು ಒಪ್ಪಿಸಿದ ತಾಯಿಯ ಖಾಸಗಿತನಕ್ಕೆ ಧಕ್ಕೆ ಬರುವಂತಿಲ್ಲ. ಈ ಕೊನೆಯ ನಿಯಮ ಹುಡುಕುವವರಿಗೆ ನೋವು ಕೊಡುತ್ತದೆ, ಆದರೂ ಅದು ಇರಲೇಬೇಕು. ಮದುವೆಗೆ ಮುನ್ನ ಹೆತ್ತು, ಯಾರಿಗೂ ಹೇಳದೆ, ಬೇರೆ ಸಂಸಾರ ಕಟ್ಟಿಕೊಂಡ ಹೆಂಗಸಿನ ಮನೆ ಬಾಗಿಲಿಗೆ ಮೂವತ್ತು ವರ್ಷದ ನಂತರ ಅಪರಿಚಿತರು ಫೈಲು ಹಿಡಿದು ಬಂದು ನಿಂತರೆ ಅವಳ ಗತಿ ಏನಾದೀತು ಎಂಬುದನ್ನು ನಮ್ಮ ಊರುಗಳನ್ನು ಬಲ್ಲವರು ಊಹಿಸಬಲ್ಲರು.

ಕಾಗದ ನಿಂತುಹೋದ ಕಡೆ ಕೆಲವರು ಎಂಜಲು ತುಂಬಿದ ಕೊಳವೆಯನ್ನು ಪರದೇಶದ ಡಿಎನ್‌ಎ ಕಂಪನಿಗೆ ಕಳಿಸುತ್ತಾರೆ. ಅಂಥ ಕಂಪನಿಗಳ ಸಂಗ್ರಹದಲ್ಲಿ ಇರುವವರು ಬಹುಪಾಲು ಅಮೆರಿಕ, ಯುರೋಪಿನವರು. ಭಾರತದ ಹಳ್ಳಿಯಲ್ಲಿರುವ ತಾಯಿಯೋ ಅಣ್ಣನೋ ಅಲ್ಲಿ ಸಿಗುವುದು ಕಷ್ಟ. ಹೊರದೇಶಕ್ಕೆ ಹೋಗಿ ನೆಲೆಸಿದ ದೂರದ ದಾಯಾದಿ ಯಾರಾದರೂ ಪರೀಕ್ಷೆ ಮಾಡಿಸಿದ್ದರೆ ಒಂದು ಎಳೆ ಸಿಕ್ಕೀತು. ಜೊತೆಗೆ, ಕೊಟ್ಟ ಮಾಹಿತಿ ಎಲ್ಲಿ ಹೋಗುತ್ತದೆ ಎಂಬ ಚಿಂತೆಯೂ ಇದೆ. ಇಂಥ ಪರೀಕ್ಷೆಯನ್ನು ಮನೆಮಾತಾಗಿಸಿದ 23ಆ್ಯಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಲಕ್ಷಾಂತರ ಗ್ರಾಹಕರು ಇದೇ ಪ್ರಶ್ನೆ ಕೇಳಿದರು. ನಮ್ಮ ನ್ಯಾಯಾಲಯಗಳೂ ಎಚ್ಚರ ವಹಿಸಿವೆ. 2021ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಆಸ್ತಿ ವ್ಯಾಜ್ಯವೊಂದರಲ್ಲಿ ಹೆಣ್ಣುಮಕ್ಕಳು, ಇವನು ನಮ್ಮ ತಂದೆ ತಾಯಿಗೆ ಹುಟ್ಟಿದ ಮಗನಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಕೇಳಿದ್ದರು. ಅವನು ತನ್ನ ಹಕ್ಕಿಗೆ ದಾಖಲೆ ಹಾಜರುಪಡಿಸಿದ್ದ, ಪರೀಕ್ಷೆಗೆ ಒಪ್ಪಿರಲಿಲ್ಲ. ಇಷ್ಟವಿಲ್ಲದವನನ್ನು ಬಲವಂತವಾಗಿ ಪರೀಕ್ಷೆಗೆ ಒಡ್ಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮಗನಾಗಿ ಬೆಳೆದವನ ಬಾಳನ್ನು ಒಂದು ಹನಿ ರಕ್ತದಿಂದ ಅಳಿಸಲು ಹೊರಡುವುದು ಅನ್ಯಾಯವೇ.

ದತ್ತಿನ ಪ್ರಶ್ನೆ ಇಲ್ಲದ ಸಾಮಾನ್ಯ ಮನೆಯವರಿಗೆ ಹುಡುಕಾಟ ಶುರುವಾಗುವುದು ತಾಲ್ಲೂಕು ಕಚೇರಿಯಿಂದ. ಪಹಣಿಯಲ್ಲಿ ಈಗಿನ ಹೆಸರಿದೆ. ಅದರ ಹಿಂದಿನ ಹಕ್ಕು ಬದಲಾವಣೆ ವಹಿಯಲ್ಲಿ ಯಾರು ಸತ್ತ ಮೇಲೆ ಯಾರ ಹೆಸರು ಏರಿತು, ಪಾಲಿಗೆ ಯಾರು ಒಪ್ಪಿದರು ಎಂಬುದಿದೆ. ಹಳೆಯ ಮುಂಬಯಿ ಪ್ರಾಂತದ ವಹಿಗಳು ಇದರಲ್ಲಿ ತುಂಬ ಶ್ರೀಮಂತ. ವತನದ ಮನೆಗಳಾದರೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಗೆ ಮುಂಚಿನ ವತನ ದಫ್ತರಿನಲ್ಲಿ ವಂಶವೃಕ್ಷವೇ ಸಿಗಬಹುದು. ಜನನ ಮರಣ ನೋಂದಣಿಯ ಕೇಂದ್ರ ಕಾಯ್ದೆ ಬಂದದ್ದು 1969ರಲ್ಲಿ, ಅದಕ್ಕೂ ಹಿಂದಿನ ಎಷ್ಟೋ ಮಂದಿಗೆ ಶಾಲೆಯ ದಾಖಲಾತಿ ಪುಸ್ತಕವೇ ಗತಿ. ಅಲ್ಲಿನ ಜನ್ಮದಿನವನ್ನು ಪೂರ್ತಿ ನಂಬುವಂತಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ ಎಂದು ಗುರುಗಳು ಲೆಕ್ಕಕ್ಕೆ ಅನುಕೂಲವಾಗಲೆಂದು ಜೂನ್ 1 ಬರೆದ ಮಕ್ಕಳು ಉತ್ತರ ಕರ್ನಾಟಕದ ಪ್ರತಿ ಊರಿನಲ್ಲೂ ಇದ್ದಾರೆ. ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ವಾರಸುದಾರರನ್ನು ತೋರಿಸಲು ಸಾಕು, ಚರಿತ್ರೆಗೆ ಸಾಲದು.

ಕಾಶಿ, ಗಯಾ, ನಾಸಿಕದ ತ್ರ್ಯಂಬಕೇಶ್ವರಕ್ಕೆ ಶ್ರಾದ್ಧಕ್ಕೆ ಹೋಗಿ ಬಂದ ಮನೆತನಗಳಿಗೆ ಇನ್ನೊಂದು ದಾರಿಯಿದೆ. ಅಲ್ಲಿನ ತೀರ್ಥಪುರೋಹಿತರಾದ ಪಂಡಾಗಳು ಊರುವಾರು ವಹಿ ಇಟ್ಟುಕೊಂಡಿದ್ದಾರೆ. ಯಾತ್ರಿಕನ ಊರು ಕೇಳಿ ಪುಟ ತೆರೆದರೆ ಅಜ್ಜನ ಕೈಬರಹದ ಸಹಿಯೇ ಎದುರಾಗುವುದುಂಟು. ಹರಿದ್ವಾರದ ಇಂಥ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ ಮೈಕ್ರೊಫಿಲ್ಮ್ ಮಾಡಿ ಕಾಪಿಟ್ಟಿದೆ. ಸಾವಿರಾರು ಮೈಲಿ ದೂರದ ಸಂಘಕ್ಕೆ ಹರಿದ್ವಾರದ ವಹಿಯ ಬೆಲೆ ತಿಳಿಯಿತು. ಹೆಳವರ ಹೊತ್ತಿಗೆಗಳ ಬಹುಪಾಲು ಮಾತ್ರ ಇನ್ನೂ ಅವರ ಮನೆಗಳ ಪೆಟ್ಟಿಗೆಗಳಲ್ಲೇ ಇವೆ. ತಾಮ್ರಪಟ, ತಾಳೆಗರಿಗಳ ಕಾಲದಿಂದ ಬಂದ ಹೆಸರುಗಳನ್ನು ಕಾಗದಕ್ಕೆ ಇಳಿಸಿ, ಕಾಗದ ಹಣ್ಣಾದಾಗ ಹೊಸ ಪುಸ್ತಕಕ್ಕೆ ಎತ್ತಿ ಬರೆದು ತಮ್ಮ ಖರ್ಚಿನಲ್ಲೇ ಕಾಪಾಡಿದವರು ಅವರು. ಸರ್ಕಾರದ ಪಟ್ಟಿಯಲ್ಲಿ ಹೆಳವರು ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳ ಸಾಲಿನಲ್ಲಿದ್ದಾರೆ. ಊರೂರು ತಿರುಗುವ ತಂದೆಯ ಜೊತೆ ಹೋದ ಮಗುವಿಗೆ ಶಾಲೆ ತಪ್ಪುತ್ತದೆ, ಶಾಲೆಗೆ ಹೋದ ಮಗು ವೃತ್ತಿ ಬಿಡುತ್ತದೆ. ಮಕ್ಕಳು ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆಂದು ಹೊತ್ತಿಗೆ ಗೆದ್ದಲಿಗೆ ಹೋಗಬೇಕಾಗಿಲ್ಲ.

ಕನ್ನಡ ವಿಶ್ವವಿದ್ಯಾಲಯವೂ ರಾಜ್ಯ ಪತ್ರಾಗಾರ ಇಲಾಖೆಯೂ ಹೆಳವರನ್ನೇ ಸಂಬಳ ಕೊಟ್ಟು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಹೊತ್ತಿಗೆಗಳನ್ನು ಸ್ಕ್ಯಾನ್ ಮಾಡಿಸಬೇಕು, ಅವರು ಹಾಡಿ ಹೇಳುವುದನ್ನು ಧ್ವನಿಮುದ್ರಿಸಬೇಕು. ಮಾಲೀಕತ್ವ ಅವರದ್ದೇ ಆಗಿರಬೇಕು, ಅದರಿಂದ ಬರುವ ಹಣವೂ ಅವರಿಗೇ ಸಲ್ಲಬೇಕು. ಮನೆಯವರು ಮಾಡಬಹುದಾದ ಕೆಲಸ ಅದಕ್ಕಿಂತ ಸುಲಭ. ಈ ಸಲ ಹೆಳವ ಬಂದಾಗ ಚಿಲ್ಲರೆ ಕೊಟ್ಟು ಸಾಗಹಾಕಬೇಡಿ. ಕೂರಿಸಿ, ಪೂರ್ತಿ ಕೇಳಿ, ಅವನು ಒಪ್ಪಿದರೆ ಪುಟದ ಚಿತ್ರ ತೆಗೆದುಕೊಳ್ಳಿ. ಹೊಸ ಹೆಸರುಗಳನ್ನು ಕೇಳಿದಾಗ ಮನೆಯ ಹೆಣ್ಣುಮಕ್ಕಳ ಹೆಸರನ್ನೂ, ಸೊಸೆಯಂದಿರ ತವರಿನ ಹೆಸರನ್ನೂ, ದತ್ತು ತಂದ ಮಗುವಿದ್ದರೆ ಆ ಮಗುವಿನ ಹೆಸರನ್ನೂ ಬರೆಸಿ.